ಪುಕ್ಕಟೆ ಇಸ್ತ್ರಿ

ಎದುರಂಗಡಿಯವನನ್ನು ಕಂಡರೆ ದರ್ಜಿಗೆ ಮೈಯೆಲ್ಲ ಉರಿ. ತನಗಿಂತ ಚಿಕ್ಕವನು, ಹನ್ನೊಂದು ವರ್ಷದ ಹಿಂದೆ ಬಂದು ಮೂಗಿನ ನೇರಕ್ಕೇ ಹೊಲಿಗೆ ಅಂಗಡಿ ಇಟ್ಟವನು. ಗಿರಾಕಿಗಳು ರಸ್ತೆ ದಾಟಿದ್ದು ಹಾಳಾಗಲಿ, ಕಟ್ಟಿಕೊಂಡ ಹೆಂಡತಿಯೇ ಒಮ್ಮೆ ಯಾರದೋ ಕೋಟು ಸವರಿ, "ಅವನ ಹೊಲಿಗೆ ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ ಕಣ್ರೀ" ಅಂದಿದ್ದಳು. ಆ ಮಾತು ದರ್ಜಿಗೆ ಇನ್ನೂ ಅರಗಿರಲಿಲ್ಲ.

ಈಗ ಆ ಎದುರಂಗಡಿಯವನು ಕೊಲೆ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿದ್ದ. ಬಟ್ಟೆ ವ್ಯಾಪಾರಿಯೊಬ್ಬ ಗೋದಾಮಿನಲ್ಲಿ ಹೆಣವಾಗಿದ್ದ. ಕಣ್ಣಾರೆ ಕಂಡವರಿಲ್ಲ, ಚಾಕು ಸಿಕ್ಕಿಲ್ಲ. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು ಅನ್ನುವುದೊಂದು, ಸತ್ತವನ ಮುಷ್ಟಿಯಲ್ಲಿ ದಾರದ ಸಮೇತ ಕಿತ್ತುಬಂದ ಕಪ್ಪು ಗುಂಡಿ ಇನ್ನೊಂದು. ಎದುರಂಗಡಿಯವನ ಕೋಟಿನಿಂದ ಅಂಥದೇ ಒಂದು ಗುಂಡಿ ಕಳೆದುಹೋಗಿತ್ತು. ಎಲ್ಲೋ ಬಿದ್ದುಹೋಯಿತೆಂದು ಅವನು ಎಷ್ಟು ಗೋಗರೆದರೂ ಕೇಳುವವರಿಲ್ಲ.

ಸರ್ಕಾರದ ಕಡೆ ಸಾಕ್ಷಿ ನಮ್ಮ ದರ್ಜಿ. ಕಸುಬು ಬಲ್ಲವನೆಂದು ಕರೆಸಿದ್ದರು. ಅವನಿಗೆ ಆದ ಖುಷಿ ಎಷ್ಟೆಂದರೆ, ಸಾಕ್ಷಿ ಹೇಳಲಿಕ್ಕೆಂದೇ ಹೊಸ ಕೋಟು ಹೊಲಿದುಕೊಂಡು ಬಂದಿದ್ದ.

ಸರ್ಕಾರಿ ವಕೀಲರು ಗುಂಡಿಯನ್ನು ಅವನ ಅಂಗೈಗಿಟ್ಟರು. "ಆರೋಪಿಯ ಕೋಟಿನ ಗುಂಡಿಗಳೂ ಇದೂ ಒಂದೇ ಥರದ್ದಾ?"

"ಒಂದೇ ಥರ ಸ್ವಾಮಿ."

"ದಾರ?"

"ಅದೂ ಅಷ್ಟೇ."

ಸುಳ್ಳೇನಲ್ಲ. ಆದರೆ ದರ್ಜಿ ಗುಂಡಿಯನ್ನು ಮಗುಚಿ ನೋಡಿದ. ಹಿಂದೆ ದಪ್ಪನೆಯ ಜೋಡಿ ಗಂಟು. ತನ್ನದೇ ಗಂಟು!

ಎದುರಂಗಡಿಯವನು ಗುಂಡಿಗೆ ಗಂಟೇ ಹಾಕುತ್ತಿರಲಿಲ್ಲ. ದಾರದ ತುದಿಯನ್ನು ಬಟ್ಟೆಯೊಳಗೇ ಮಾಯ ಮಾಡುತ್ತಿದ್ದ. ಆ ಗುಟ್ಟು ತಿಳಿಯಲೆಂದೇ ದರ್ಜಿ 'ಯಾರ ಕೋಟಾದರೂ ಪುಕ್ಕಟೆ ಇಸ್ತ್ರಿ' ಎಂದು ಬೋರ್ಡು ಹಾಕಿದ್ದ. ಎಂಥ ಧಾರಾಳಿ ಎಂದು ಜನ ಹೊಗಳಿದ್ದರು. ಇವನೋ, ಎದುರಂಗಡಿಯಲ್ಲಿ ಹೊಲಿಸಿದ ಕೋಟು ಬಂದರೆ ಬಾಗಿಲು ಹಾಕಿಕೊಂಡು ಗುಂಡಿ ಬಿಚ್ಚಿ ನೋಡುತ್ತಿದ್ದ, ಅದೇ ಥರ ಹಾಕಲು ಹೆಣಗುತ್ತಿದ್ದ, ಸೋತು ಗಂಟು ಬಿಗಿದು ಕಳಿಸುತ್ತಿದ್ದ. ಅಂಥ ಯಾವನದೋ ಕೋಟಿನ ಗುಂಡಿ ಇದು. ಎದುರಂಗಡಿಯವನಂತೂ ತನ್ನ ಕೋಟನ್ನು ಇಲ್ಲಿಗೆ ಎಂದೂ ತಂದವನಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ರಸ್ತೆಯಾಚೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ದರ್ಜಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಂಡತಿಯತ್ತ ನೋಡಿದ. ಅವಳು ಕಟಕಟೆಯವನನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಾಯಲಿ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು.

"ಇದು ಈತನ ಕೋಟಿನದೇ ಅಂತ ಸಂಶಯವೇ ಇಲ್ಲದೆ ಹೇಳ್ತೀರಾ?" ನ್ಯಾಯಾಧೀಶರು ಕೇಳಿದರು. "ಒಂದು ಜೀವದ ಪ್ರಶ್ನೆ."

ಎದುರಂಗಡಿಯವನ ಕೈ ಕಟಕಟೆಯ ಮರವನ್ನು ಹಿಡಿದುಕೊಂಡಿತ್ತು. ದರ್ಜಿ ಹನ್ನೊಂದು ವರ್ಷ ಅಸೂಯೆಪಟ್ಟ ಕೈ ಅದು. ತಾನು ಹಾಕಿದ ಗಂಟಿಗೆ ಆ ಕೈಯವನು ಗಲ್ಲಿಗೇರುವುದೇ?

"ಇಲ್ಲ ಸ್ವಾಮಿ," ಅಂದ ದರ್ಜಿ. "ಈ ಗಂಟು ನಂದು. ಅವನ ಕೋಟಲ್ಲಿ ಉಳಿದಿರೋ ಗುಂಡಿ ಬಿಚ್ಚಿ ನೋಡಿ, ಒಂದಕ್ಕೂ ಗಂಟಿರಲ್ಲ. ಆ ಕೆಲಸ ನನಗೆ ಇವತ್ತಿಗೂ ಬರಲ್ಲ."

ಬಿಚ್ಚಿ ನೋಡಿದರು. ಒಂದಕ್ಕೂ ಗಂಟಿರಲಿಲ್ಲ. ಹಾಗಾದರೆ ಇದು ಯಾರ ಕೋಟಿನದೆಂದು ವಕೀಲರು ಗದರಿದರು. "ಇವನ ಗುಟ್ಟು ತಿಳಿಯೋಕೆ ಇಸ್ತ್ರಿಗೆ ಬಂದ ಎಷ್ಟು ಕೋಟು ಬಿಚ್ಚಿದೀನೋ ನನಗೇ ನೆನಪಿಲ್ಲ ಸ್ವಾಮಿ" ಅಂದ. ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ಸಂಶಯವಿರುವಾಗ ಯಾರನ್ನೂ ಕೊಲೆಗಾರನೆನ್ನಲಾಗದು ಎಂದು ನ್ಯಾಯಾಧೀಶರು ಮುಂದಿನ ವಾರ ಎದುರಂಗಡಿಯವನನ್ನು ಬಿಡುಗಡೆ ಮಾಡಿದರು.

ಆವತ್ತು ನ್ಯಾಯಾಲಯದ ಮೆಟ್ಟಿಲ ಮೇಲೆ ಅವನು ದರ್ಜಿಯ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಒಂದ್ಸಲ ರಸ್ತೆ ದಾಟಿ ಬಂದು ಕೇಳಿದ್ರೆ ನಾನು ಹೇಳಿಕೊಡ್ತಿರಲಿಲ್ವಾ?"

ಪಕ್ಕದಲ್ಲಿದ್ದ ದರ್ಜಿಯ ಹೆಂಡತಿ, "ಎಂಥ ದೊಡ್ಡ ಮನಸ್ಸು ಅಲ್ವೇನ್ರೀ ಅವನದು!" ಅಂದಳು.

ಹೌದೆಂದು ತಲೆಯಾಡಿಸಿದ ದರ್ಜಿಗೆ, ಸಾಕ್ಷಿ ಹೇಳುವಾಗ ಬಾಯಿ ಮುಚ್ಚಿಕೊಂಡೇ ಇರಬೇಕಿತ್ತು ಅನ್ನಿಸಿತು.