ಡೆಕ್ಕಿಗೆ ಬಳಿದ ಅರಿಶಿನ

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಶಿವಗಂಗಮ್ಮ. ಚಂದ್ರಾ ಲೇಔಟಿನ ಈ ಬೀದಿಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಕೋಪಿಷ್ಠೆ ಎನ್ನುತ್ತಾರೆ, ಅನ್ನಲಿ ಬಿಡಿ, ಸುಳ್ಳೇನಲ್ಲ.

ನನ್ನ ಮಗ ಗಿರಿರಾಜ್ ತಾರಸಿಯಲ್ಲಿ ಮರದ ಹಲಗೆ ಹಾಸಿ ಡೆಕ್ ಎಂದು ಮಾಡಿಸಿದ್ದಾನೆ. ಸಂಜೆ ಕೂತು ಕಾಫಿ ಕುಡಿಯುವುದಕ್ಕಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಸಂದಿಯಲ್ಲಿ ಪಾಚಿ ಹಿಡಿಯಿತು. ಅದನ್ನು ಸರಿಮಾಡಲು ಕಾಮಾಕ್ಷಿಪಾಳ್ಯದಿಂದ ವೀರೇಶ ಬಂದ. ಕೊಟ್ಟೂರು ಕಡೆಯವನು, ಮೂವತ್ತರ ಆಸುಪಾಸು. ಇಷ್ಟು ದಿನ ಮೇಸ್ತ್ರಿಯೊಬ್ಬರ ಕೈಕೆಳಗೆ ಪಾಲಿಶ್ ಕೆಲಸ ಮಾಡುತ್ತಿದ್ದನಂತೆ.

“ಇದು ನಾನು ಸ್ವಂತ ಹಿಡಿದ ಮೊದಲ್ನೇ ಕೆಲಸ ರೀ ಅವ್ವಾರ. ಇದು ಚಲೋ ಆದ್ರ ಎದುರುಮನಿ ಮೋಹನ್ ಕುಮಾರ್ ಸಾಹೇಬ್ರು ಅವರ ಬಾಗಿಲು, ಕಿಟಕಿ ಎಲ್ಲಾ ಕೊಡ್ತೀನಿ ಅಂದಾರ. ಕೆಟ್ರ ಮತ್ತ ಮೇಸ್ತ್ರಿ ಮುಂದ ಹೋಗಿ ಕೈಕಟ್ಟಿ ನಿಂದರಬೇಕು,” ಎಂದ.

ಕೆಲಸಗಾರ ಅಂದರೆ ಅವನೇ. ಹಲಗೆಗಳನ್ನು ಬ್ರಷ್ ಹಾಕಿ ತೊಳೆದ, ಎರಡು ದಿನ ಒಣಗಲು ಬಿಟ್ಟ. ಆಮೇಲೆ ಮಷಿನ್ನಿನಲ್ಲಿ ಉಜ್ಜಿ, ಅದೂ ಸಾಲದೆಂದು ಮಂಡಿಯೂರಿ ಕೂತು ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೂ ತಿಕ್ಕಿದ. ಅಡ್ಡ ತಿಕ್ಕಿದರೆ ಬಣ್ಣ ಹಚ್ಚಿದ ಮೇಲೆ ಗೀರುಗಳು ಎದ್ದು ಕಾಣುತ್ತವಂತೆ. ಗುರುವಾರ ಸಂಜೆ ಡೆಕ್ ಆಗತಾನೇ ಮೀಯಿಸಿದ ಕೂಸಿನ ಹಾಗಿತ್ತು.

“ನಾಳೆ ಬಣ್ಣ ರೀ. ಅಲ್ಲೀತನಕ ಒಂದು ಹನಿ ನೀರೂ ಬೀಳಬಾರ್ದು. ಬರೀ ಮರ ಅದು, ಏನು ಬಿದ್ರೂ ಕುಡೀತೈತಿ,” ಎಂದು ಹೇಳಿ ಹೋದ.

ಕೇಳಿಸಿಕೊಂಡೆ, ತಲೆಯೂ ಆಡಿಸಿದೆ. ಆದರೆ ಮಾರನೆಯ ದಿನ ಶುಕ್ರವಾರ. ಹೊಸಿಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ತಾರಸಿಯ ಕುಂಡಗಳಿಂದ ಹೂ ಬಿಡಿಸಲು ಮೇಲೆ ಹೋದೆ. ಅಷ್ಟು ಚೊಕ್ಕಟವಾದ ಮರ ಬೋಳುಬೋಳಾಗಿ ಬಿದ್ದಿತ್ತು. ಹೊಸಿಲೂ ಮರವೇ, ಇದೂ ಮರವೇ, ಬಣ್ಣಕ್ಕೆ ಮೊದಲು ಒಂದಿಷ್ಟು ಮಂಗಳವಾಗಲಿ ಎನ್ನಿಸಿತು. ಉಳಿದಿದ್ದ ಅರಿಶಿನದ ನೀರನ್ನು ಮೊದಲನೇ ಹಲಗೆಗೆ ಉದ್ದಕ್ಕೂ ಸವರಿದೆ. ಅಯ್ಯೋ ಶಿವನೇ! ಹೊಸಿಲಿಗಾದರೆ ಪೇಂಟ್ ಇದೆ, ಹಳದಿ ಮೇಲೇ ನಿಲ್ಲುತ್ತದೆ. ಇಲ್ಲಿ ಒಳಗೇ ಇಳಿದುಹೋಯಿತು. ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಪಕ್ಕದ ಮೂರು ಹಲಗೆಗೂ ಹರಡಿತು. ಕೆಳಗಿಳಿದು ದೇವರ ಮುಂದೆ ಕೂತುಬಿಟ್ಟೆ.

ಒಂಬತ್ತು ಗಂಟೆಗೆ ಗಿರಿರಾಜನ ಕೂಗು ಕೇಳಿಸಿತು. ಹೋಗಿ ನೋಡಿದರೆ ವೀರೇಶ ಬಣ್ಣದ ಡಬ್ಬ ಹಿಡಿದು ನಿಂತಿದ್ದ.

“ಯಾವ ಕೆಮಿಕಲ್ ಹಾಕಿದೀಯಯ್ಯಾ? ನೆನ್ನೆ ಎಷ್ಟು ಚೆನ್ನಾಗಿತ್ತು! ಕೆಲಸ ಬರದೇ ಇದ್ರೆ ಯಾಕೆ ಒಪ್ಕೋತೀರಾ?” ಎಂದು ಗಿರಿರಾಜ್ ಹಾರಾಡುತ್ತಿದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹಳದಿ ಅಂಗೈಯನ್ನು ಸೆರಗಿನೊಳಗೆ ಸೇರಿಸಿದೆ. ವೀರೇಶ ಬಗ್ಗಿ, ಹಲಗೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದ. ತಲೆಯೆತ್ತಿ ಒಂದೇ ಒಂದು ಸಲ ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

“ನನ್ನ ಕಡಿಂದನ ಏನೋ ತಪ್ಪಾಗಿರಬೇಕು ಸಾರ್.”

“ಸಾಕು, ನಿನ್ನ ಸಾಮಾನು ತಗೊಂಡು ಹೊರಡು. ಎದುರುಮನೆಯವ್ರಿಗೂ ಹೇಳ್ತೀನಿ.”

ಅವನು ಮಷಿನ್ನು, ಬ್ರಷ್ಷು ಎಲ್ಲ ಚೀಲಕ್ಕೆ ತುಂಬಿಕೊಂಡು ಇಳಿದುಹೋದ. ಎಂಥಾ ಒಳ್ಳೆಯ ಹುಡುಗ, ಮಗನ ಮುಂದೆ ನನ್ನ ಮಾನ ಉಳಿಸಿದ ಎಂದುಕೊಂಡೆ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕೆಳಗೆ ಬೈಕ್ ಸ್ಟಾರ್ಟ್ ಆದದ್ದು ಕೇಳಿದಾಗ ತಡೆಯಲಾಗಲಿಲ್ಲ, ಬರಿಗಾಲಲ್ಲೇ ಗೇಟಿಗೆ ಓಡಿದೆ. ಅವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡು ಬಂದು, ನನ್ನ ಅಂಗೈಯನ್ನು ಗಿರಿರಾಜನ ಮುಂದೆ ಚಾಚಿದೆ.

“ನಾನೇ ಕಣೋ ಅರಿಶಿನ ಬಳಿದಿದ್ದು, ಶುಕ್ರವಾರ ಅಂತ. ನೀರು ಬೀಳಬಾರ್ದು ಅಂತ ಇವನು ಹೇಳಿದ್ದ, ನಾನೇ ಕೇಳ್ಲಿಲ್ಲ. ಬೈಯೋದಿದ್ರೆ ನನ್ನ ಬೈ.”

ಗಿರಿರಾಜನ ಮುಖ ಇಳಿದುಹೋಯಿತು. ಹಲಗೆಯತ್ತ ಬಗ್ಗಿ, “ಹೋಗುತ್ತಾ ಇದು?” ಎಂದು ವೀರೇಶನನ್ನು ಕೇಳಿದ.

“ಅರಿಶಿನ ಬಿಸಿಲಿಗೆ ನಿಂದ್ರಂಗಿಲ್ಲ ಸಾರ್. ಎರಡು ದಿನ ಬಿಡ್ರಿ, ಮತ್ತೊಮ್ಮಿ ಉಪ್ಪುಕಾಗದ ಹೊಡದು ಸೋಮವಾರ ಬಣ್ಣ ಹಚ್ತೀನಿ.”

“ಹಚ್ಚಪ್ಪ. ಸಾರಿ. ಮೋಹನ್ ಕುಮಾರ್ ಅವ್ರಿಗೆ ನಾನೇ ಹೇಳ್ತೀನಿ, ಕೆಲಸ ನಿಂಗೇ ಕೊಡಿ ಅಂತ.”

ಎದೆಯ ಭಾರ ಇಳಿಯಿತು. ಇಳಿದದ್ದೇ ತಡ, ನನ್ನ ಹಳೇ ಬುದ್ಧಿ ಬಂತು. “ವಾಸನೆ ನೋಡಿದ ತಕ್ಷಣ ನಿಂಗೆ ಗೊತ್ತಾಯ್ತು ತಾನೆ? ನನ್ನ ಮಾನ ಉಳ್ಸೋಕೆ ಹೋಗಿ ನಿನ್ನ ಅನ್ನ ಕಳ್ಕೋತೀಯೇನೋ, ದಡ್ಡ!” ಎಂದು ಗದರಿದೆ.

ವೀರೇಶ ಚೀಲ ಬಿಚ್ಚುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಮಾನದ ಮಾತಲ್ಲ ರೀ ಅವ್ವಾರ. ನಾನು ಹೇಳಿದ್ರ ನೀವು ಹೌದು ಅಂತಿದ್ರೇನು?”

ಗಿರಿರಾಜ್ ನನ್ನತ್ತ ನೋಡಿದ. ವೀರೇಶ ಹೇಳಿದ್ದರೆ, “ನಿನ್ನ ತಪ್ಪನ್ನ ಯಾರ ಮೇಲೆ ಹಾಕ್ತೀಯೋ?” ಎಂದು ಅವನ ಮೇಲೆ ಮೊದಲು ಎಗರುತ್ತಿದ್ದವಳು ನಾನೇ.