ಹಾಳುಬಿದ್ದ ಅಂಗಡಿಯ ಕೊಲಾಚೆ

ನೆಬ್ರಾಸ್ಕಾದ ಡೊಬ್ರೋವ್ ಊರಿನ ಮುಖ್ಯ ಬೀದಿಯಲ್ಲಿ ಇಪ್ಪತ್ತೊಂದು ಕಟ್ಟಡಗಳಿವೆ. ಅರ್ಧಕ್ಕಿಂತ ಹೆಚ್ಚು ಹಾಳುಬಿದ್ದಿವೆ ಎಂದು ನಗರಸಭೆ ತೋರಿಸಿಬಿಟ್ಟರೆ, ಕಾನೂನಿನ ಪ್ರಕಾರ ತೆರಿಗೆ ರಿಯಾಯಿತಿ ಸಿಕ್ಕಿ ಅಲ್ಲೊಂದು ಹೋಟೆಲ್ ಎದ್ದೇಳಬಹುದು. ಆ ಹೋಟೆಲಿನಿಂದ ಹೆಚ್ಚುವ ತೆರಿಗೆ ಹದಿನೈದು ವರ್ಷ ಶಾಲೆಗೂ ಇಲ್ಲ, ಲೈಬ್ರರಿಗೂ ಇಲ್ಲ. ಕಟ್ಟಿದವನ ಖರ್ಚಿಗೇ ವಾಪಸು. ಇದಕ್ಕೆ ಅವರಿಟ್ಟ ಹೆಸರು ಪುನರುಜ್ಜೀವನ.

ಒಮಾಹಾದಿಂದ ಬಂದ ತಜ್ಞ ಎರಡು ದಿನ ಬೀದಿ ಅಳೆದ. ಎಷ್ಟು ತಿಣುಕಿದರೂ ಹತ್ತೇ ಹಾಳು ಸಿಕ್ಕವು. ಹನ್ನೊಂದನೆಯದಾಗಿ ಅವನು ಬರೆದುಕೊಂಡದ್ದು ಅಡೆಲ್ ಪೊಕೊರ್ನಿಯ ಬೇಕರಿಯನ್ನು. ಅವಳ ಅಂಗಡಿಯಲ್ಲೇ ಕೂತು, ಹೂರಣ ತುಂಬಿದ ಸಿಹಿ ಬನ್ನು, ಎರಡು ಕೊಲಾಚೆ ತಿಂದು, ಕಾಫಿ ಕುಡಿದು ಬರೆದುಕೊಂಡ. ಉಂಡ ಮನೆಯ ಜಂತೆ ಎಣಿಸುವವರು ಎಲ್ಲ ಕಡೆಯೂ ಇರುತ್ತಾರೆ. ಇವನಿಗೆ ಅದಕ್ಕೆ ಸಂಬಳವೂ ಇತ್ತು.

ಅಡೆಲ್‌ಗೆ ಅರವತ್ತೊಂದು. ಅಜ್ಜ ಕಟ್ಟಿಸಿದ ಆ ಇಟ್ಟಿಗೆ ಕಟ್ಟಡದ ನೆಲವನ್ನು ದಿನವೂ ತಾನೇ ಮಂಡಿಯೂರಿ ಉಜ್ಜುವವಳು. ಹೋಟೆಲ್ ಬೇಕೋ ಬೇಡವೋ ಎಂಬ ಗೊಡವೆ ಅವಳಿಗಿರಲಿಲ್ಲ. ಹಾಳು ಎಂಬ ಮಾತು ತನ್ನ ಅಂಗಡಿಗೆ ಅಂಟಬಾರದು, ಅಷ್ಟೇ.

ಸಮಾಧಾನ ಹೇಳಲು ಮೇಯರ್ ರೋಜರ್ ವೊಂಡ್ರಾ ಬಂದ. ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂತು ಲೆಕ್ಕ ನಕಲು ಹೊಡೆಯುತ್ತಿದ್ದವನು.

"ಮನಸ್ಸಿಗೆ ಹಚ್ಕೋಬೇಡ ಅಡೆಲ್. ಹಾಳು ಅನ್ನೋದು ಬರೀ ಕಾಗದದ ಮೇಲೆ."

"ಏನು ಹಾಳಾಗಿದೆ, ತೋರ್ಸು."

ವೊಂಡ್ರಾ ತಜ್ಞನ ವರದಿ ತಿರುವಿ ತಿರುವಿ, ಕೊನೆಗೆ ಬಾಗಿಲಾಚೆಯ ಕಾಲುದಾರಿಯತ್ತ ಬೆರಳು ಮಾಡಿದ. ಕಾಂಕ್ರೀಟು ಬಿರುಕು ಬಿಟ್ಟಿತ್ತು. ಕಾಲುದಾರಿ ನಗರಸಭೆಯದು, ಅದನ್ನು ಸರಿಮಾಡಿ ಎಂದು ಅಡೆಲ್ ಆರು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನೂ ತಾವೇ ಡೊಂಕು ಮಾಡಿಟ್ಟಿದ್ದರು.

ಭಾನುವಾರ ಚರ್ಚು ಮುಗಿಸಿ ಬಂದವಳೇ ಅಡೆಲ್ ಬಿರುಕಿನ ಭಾಗವನ್ನು ಕಿತ್ತು, ಕಾಂಕ್ರೀಟು ಕಲಸಿ, ಹೊಸದಾಗಿ ಹಾಕಿ ನುಣ್ಣಗೆ ಸವರಿದಳು. ಗುರುವಾರ ನಗರಸಭೆಯ ಕೆಲಸಗಾರ ಡ್ವೇನ್ ಒಡೆಯುವ ಯಂತ್ರದೊಂದಿಗೆ ಹಾಜರಾದ. ಪರವಾನಗಿ ಇಲ್ಲದ ಕೆಲಸವಂತೆ, ಮೊದಲಿದ್ದ ಸ್ಥಿತಿಗೆ ತರಬೇಕಂತೆ. ಅವನ ಕೈಯಲ್ಲಿ ತಜ್ಞ ತೆಗೆದ ಫೋಟೋ ಇತ್ತು.

"ಬೈಕೋಬೇಡಿ ಆಂಟಿ," ಎಂದವನು ಫೋಟೋ ನೋಡಿ ನೋಡಿ, ಬಿರುಕು ಇದ್ದಲ್ಲೇ ಬಿರುಕು ಬಿಡಿಸಿದ. ಆರು ವರ್ಷ ಇತ್ತ ತಲೆಹಾಕದ ನಗರಸಭೆ ನಲವತ್ತು ನಿಮಿಷದಲ್ಲಿ ಕೆಲಸ ಮುಗಿಸಿತು.

ಮರುವಾರ ಸಾರ್ವಜನಿಕ ಸಭೆ. ಪ್ರತಿ ಸಭೆಯಂತೆ ಇದಕ್ಕೂ ನಗರಸಭೆ ಅಡೆಲ್‌ಗೇ ನಾಲ್ಕು ಡಜನ್ ಕೊಲಾಚೆ ಹೇಳಿ ಕಳಿಸಿತು. ಇಷ್ಟಾದ ಮೇಲೂ! ಡೊಬ್ರೋವ್‌ನಲ್ಲಿ ನೆರೆಯವನ ಹುಲ್ಲುಬಣವೆಗೆ ಬೆಂಕಿಯಿಟ್ಟರೂ ಕ್ಷಮೆಯುಂಟು, ಕೇಳಿದ್ದಕ್ಕೆ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದವರಿಗಿಲ್ಲ. ಅಡೆಲ್ ಹಲ್ಲು ಕಚ್ಚಿಕೊಂಡು ಬೇಯಿಸಿದಳು. ಒಣದ್ರಾಕ್ಷಿಯ ಹೂರಣ ಎಂದಿನಂತೆ ಧಾರಾಳವಾಗಿಯೇ ತುಂಬಿದಳು. ತಟ್ಟೆಯನ್ನು ತಾನೇ ಹೊತ್ತು ತಂದು ಅವರ ಮುಂದಿಟ್ಟಳು.

ಮಾತಿಗೆ ಮೂರು ನಿಮಿಷ ಕೊಟ್ಟರು. ತನ್ನ ಅಂಗಡಿಯನ್ನು ಪಟ್ಟಿಯಿಂದ ತೆಗೆಯಿರಿ, ಬೇರೇನೂ ಕೇಳುವುದಿಲ್ಲ ಎಂದಳು. ಆರು ಸದಸ್ಯರೂ ಅಗಿಯುತ್ತಾ ತಲೆಯಾಡಿಸಿದರು. ಆಮೇಲೆ ಹನ್ನೊಂದೂ ಹಾಳು ಎಂಬ ನಿರ್ಣಯವನ್ನು ಮತಕ್ಕೆ ಹಾಕಿದಾಗ ಆರೂ ಕೈಗಳು ಮೇಲೆದ್ದವು. ಒಂದರಲ್ಲಿ ಕೊಲಾಚೆ ಇನ್ನೂ ಇತ್ತು.

ವೊಂಡ್ರಾ ನಿರ್ಣಯ ಓದಿದ. ಸದರಿ ಕಟ್ಟಡಗಳು ಹಾಳುಬಿದ್ದಿದ್ದು ಸಾರ್ವಜನಿಕರ ಆರೋಗ್ಯಕ್ಕೆ ಅಪಾಯಕಾರಿಯಾಗಿವೆ ಎಂದು ಓದುವಾಗ ಅವನ ತುಟಿಯ ಮೇಲೆ ಹೂರಣ ಮೆತ್ತಿತ್ತು. ಓದಿ ಮುಗಿಸಿ, ಕಚ್ಚಿದ್ದೊಂದು ಮುಂದೆ ಇರುವಾಗಲೇ ಇನ್ನೊಂದಕ್ಕೆ ಕೈ ಚಾಚಿದ. ಅಡೆಲ್ ತಟ್ಟೆಯನ್ನು ಎಳೆದುಕೊಂಡಳು.

"ಬೇಡ ರೋಜರ್. ಆರೋಗ್ಯಕ್ಕೆ ಅಪಾಯ ಅಂತ ಈಗ ತಾನೇ ಓದಿದ್ಯಲ್ಲ."

ಅವಳು ವಾಪಸು ಹಾಕಿ ಎನ್ನುವಂತೆ ತಟ್ಟೆ ಹಿಡಿದು ಮೇಜಿನುದ್ದಕ್ಕೂ ಒಬ್ಬೊಬ್ಬರ ಮುಂದೆ ನಿಂತಳು. ಕೊಡದಿದ್ದರೆ ಮರ್ಯಾದೆಯಲ್ಲವಲ್ಲ, ಆರೂ ಜನ, ಕೊನೆಗೆ ಮೇಯರೂ, ಕಚ್ಚಿ ಉಳಿದದ್ದನ್ನು ತೆಪ್ಪಗೆ ತಟ್ಟೆಗೆ ಹಾಕಿದರು. ಅಂಗಡಿ ಪಟ್ಟಿಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ಒಂದು ತುಣುಕು ಬ್ರೆಡ್ಡನ್ನೂ ಎಸೆದು ಗೊತ್ತಿಲ್ಲದ ಅಡೆಲ್, ಬಾಗಿಲ ಬಳಿಯ ಕಸದ ಡಬ್ಬಿಗೆ ಅಷ್ಟನ್ನೂ ಸುರಿದು ಮನೆಗೆ ನಡೆದಳು.