ಹಿಂದಿನ ಸೀಟು

ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅವಳು ಪೆಟ್ರೋಲ್ ಬಂಕಿನ ಹಿಂಭಾಗದ ಶೌಚಾಲಯದಿಂದ ಹೊರಗೆ ಬಂದಾಗ ಅಂಗಳದಲ್ಲಿ ಒಂದು ಬೈಕೂ ಇರಲಿಲ್ಲ. ಮಂಜು ಮಾತ್ರ ಇತ್ತು. ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿ ಸಾಲಾಗಿ ನಿಂತಿದ್ದ ಎತ್ತರದ ಬೈಕುಗಳು, ಅವುಗಳ ಇಕ್ಕೆಲದ ಅಲ್ಯೂಮಿನಿಯಂ ಪೆಟ್ಟಿಗೆಗಳು, ಎಲ್ಲರಿಗೂ ಬನ್ನು ಹಂಚುತ್ತಿದ್ದ ಬೇಕರಿಯವನ ಗಲಾಟೆ, ಎಲ್ಲವನ್ನೂ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದ ಹಾಗಿತ್ತು. ನೆಲದ ಮೇಲೆ ಟೈರಿನ ಗುರುತುಗಳು ಗುಡ್ಡದ ರಸ್ತೆಯ ಕಡೆಗೆ ತಿರುಗಿ ಮಾಯವಾಗಿದ್ದವು.

ಮೊದಲು ಅವಳಿಗೆ ನಗು ಬಂತು. ಹೆಂಡತಿಯನ್ನು ಬಿಟ್ಟು ಹೊರಟುಬಿಡುವುದು ಅವರ ಗುಂಪಿಗೆ ಹೊಸದೇನಲ್ಲ. ಬೇಕರಿಯವನು ಒಮ್ಮೆ ತನ್ನವಳನ್ನು ಟೋಲ್ ಗೇಟಿನಲ್ಲಿ ಮರೆತು ಹೋಗಿ, ಆಮೇಲೆ ವರ್ಷವಿಡೀ ಎಲ್ಲರ ಬಾಯಿಗೆ ತುತ್ತಾಗಿದ್ದ. ಆದರೆ ಅವನು ನೂರು ಮಾರು ಹೋಗುವುದರೊಳಗೆ ತಿರುಗಿ ಬಂದಿದ್ದ. ಹಿಂದೆ ಕೂತವರ ಭಾರ ಇಲ್ಲದಿದ್ದರೆ ಬೈಕಿಗೇ ಗೊತ್ತಾಗುತ್ತದೆ, ಓಡಿಸುವವನಿಗೆ ಗೊತ್ತಾಗದೆ ಇರುತ್ತದೆಯೇ? ತನ್ನ ಗಂಡನೂ ಈಗ ಬಂದಾನು ಎಂದು ಅವಳು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಂಪಿನ ಪಕ್ಕ ನಿಂತಳು. ಅವನು ಬರಲಿಲ್ಲ. ಫೋನು ತೆಗೆದು ನೋಡಿದರೆ ಸಿಗ್ನಲ್ ಇರಲಿಲ್ಲ.

ತಮ್ಮ ಗುಂಪಿಗೆ ಅವರು ತಮಾಷೆಗೆ 'ಸಂಸಾರ ಸಮೇತ' ಎಂದು ಹೆಸರಿಟ್ಟುಕೊಂಡಿದ್ದರು. ಕಲ್ಲು, ಕೆಸರು, ಗುಡ್ಡ ಯಾವುದಕ್ಕೂ ಜಗ್ಗದ ದೊಡ್ಡ ಬೈಕು ಇರಬೇಕು, ಗಂಡ ಹೆಂಡತಿ ಇಬ್ಬರೂ ಬರಬೇಕು. ಇಷ್ಟೇ ಷರತ್ತು. ಎಲ್ಲರಿಗಿಂತ ಮುಂದೆ ನಿವೃತ್ತ ವ್ಯಾಯಾಮದ ಮೇಷ್ಟ್ರು, ಎಲ್ಲರಿಗಿಂತ ಹಿಂದೆ ತನ್ನದೇ ಬೈಕಿನಲ್ಲಿ ಅವರ ಹೆಂಡತಿ. ಆಕೆ ಎಲ್ಲರಿಗೂ ಅತ್ತಿಗೆ. "ಮುಂದಿರೋನು ಹೇಗೂ ಕಾಣ್ತಾನೆ, ಹಿಂದಿರೋನನ್ನ ನೋಡ್ಕೊಳ್ಳಿ" ಎಂಬುದು ಮೇಷ್ಟ್ರ ಪಾಠ.

ಬಂಕಿನಲ್ಲಿ ಉಳಿದ ಇವಳಿಗೆ ಪೇಟೆಯಲ್ಲಿ ಒಂದು ಕನ್ನಡಕದಂಗಡಿ ಇತ್ತು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸವನ್ನು ತಾನೇ ಮಾಡುತ್ತಿದ್ದಳು. ಗಂಡ ಲಿಫ್ಟ್ ರಿಪೇರಿಯವನು. ಹಗಲೆಲ್ಲ ಕಟ್ಟಡಗಳ ಕತ್ತಲೆಯ ಬಾವಿಯಲ್ಲಿ ತಂತಿಗಳ ನಡುವೆ ಕಳೆದು, ಮನೆಗೆ ಬಂದಾಗ ಆ ಕತ್ತಲೆಯಲ್ಲೇ ಸ್ವಲ್ಪ ಉಳಿದುಕೊಂಡಿರುತ್ತಿದ್ದ. ಒಂದು ದಿನವೂ ಜಗಳವಾಡದ ಜೋಡಿ ಎಂದು ಗುಂಪಿನವರು ಇವರನ್ನು ತೋರಿಸಿ ತಮ್ಮ ತಮ್ಮ ಗಂಡ ಹೆಂಡಿರನ್ನು ಮೂದಲಿಸುತ್ತಿದ್ದರು. ಜಗಳವಾಡುವುದಕ್ಕೆ ಮಾತಾದರೂ ಬೇಕಲ್ಲ ಎಂದು ಅವಳು ಒಳಗೇ ಅಂದುಕೊಳ್ಳುತ್ತಿದ್ದಳು. ಹೆಲ್ಮೆಟ್ಟುಗಳ ಒಳಗಿಂದ ಪರಸ್ಪರ ಮಾತಾಡುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ರಿಪೇರಿ ಮಾಡಿಸೋಣ ಎಂದು ಇಬ್ಬರೂ ಹೇಳಿರಲಿಲ್ಲ. ಹೆಗಲಿಗೆ ಒಂದು ತಟ್ಟಿದರೆ ಹೊರಡು, ಎರಡು ತಟ್ಟಿದರೆ ನಿಧಾನ. ಅಷ್ಟರಲ್ಲೇ ಸಂಸಾರ ಸಾಗಿತ್ತು.

ಇವತ್ತು ಶೌಚಾಲಯದ ಕನ್ನಡಿಯ ಮುಂದೆ ನಿಂತು ಅವಳು ಒಂದು ವಾಕ್ಯವನ್ನು ಅಭ್ಯಾಸ ಮಾಡಿದ್ದಳು: "ಇನ್ನು ಮುಂದೆ ನಾನು ಬರೋದಿಲ್ಲ." ಸವಾರಿಗೆ ಬರುವುದಿಲ್ಲವೋ, ಬೇರೆ ಯಾವುದಕ್ಕೂ ಬರುವುದಿಲ್ಲವೋ, ಅದು ಅವಳಿಗೇ ಇನ್ನೂ ಸ್ಪಷ್ಟವಾಗಿರಲಿಲ್ಲ. ತಡವಾದದ್ದು ಅದರಿಂದಲೇ.

ಮಂಜಿನಲ್ಲಿ ಕಾಣದಿದ್ದ ಬಂಕಿನ ಮೂಲೆಯಲ್ಲಿ ಟೈರಿಗೆ ಗಾಳಿ ತುಂಬಿಸಿಕೊಂಡು ಅತ್ತಿಗೆ ತನ್ನ ಬೈಕನ್ನು ಈಚೆ ತಂದಳು. ಅವಳನ್ನು ಕಂಡು ಗಕ್ಕನೆ ಬ್ರೇಕ್ ಹಿಡಿದಳು.

"ಅಯ್ಯೋ, ನೀನೇನೇ ಇಲ್ಲಿ?"

"ಬಿಟ್ಟು ಹೋಗಿದಾರೆ ಅತ್ತಿಗೆ."

"ಬಿಟ್ಟು ಹೋಗೋದಾ? ನೀನು ಹತ್ತಿದ್ದನ್ನ ನೋಡಿದೆನಲ್ಲೇ ನಾನು! ಹತ್ತಿ ಕೂತೆ, ಅವನ ಹೆಗಲು ತಟ್ಟಿದೆ, ಅವನು ಹೊರಟ." ಅತ್ತಿಗೆ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾಳು ಮಂಜು. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತ ಅದಕ್ಕೇ ಅಂದಿರೋದು. ಹತ್ತು, ಹತ್ತು. ದಾರೀಲಿ ಎಲ್ಲಾದ್ರೂ ನಿಂತಿರ್ತಾನೆ. ಇವತ್ತು ಅವನಿಗಿದೆ ನನ್ನ ಕೈಲಿ."

ಗುಡ್ಡದ ರಸ್ತೆ ಶುರುವಾದ ಮೇಲೆ ಅತ್ತಿಗೆ ಬಾಯಿಗೆ ಬಿಡುವು ಕೊಡಲಿಲ್ಲ. ಗಂಡಸರ ಮರೆವಿನ ಬಗ್ಗೆ, ಮೇಷ್ಟ್ರು ಮದುವೆಯ ಮರುದಿನ ತನ್ನನ್ನು ಬಸ್ ನಿಲ್ದಾಣದಲ್ಲಿ ಮರೆತದ್ದರ ಬಗ್ಗೆ ಗಾಳಿಯ ಮೇಲೆ ಕೂಗಿ ಕೂಗಿ ಹೇಳಿದಳು. ಹಿಂದೆ ಕೂತು ಅವಳು ಪ್ರತಿ ತಿರುವಿನಲ್ಲೂ ಕತ್ತು ಚಾಚಿ ನೋಡಿದಳು. ಗಂಡ ಎಲ್ಲಿಯೂ ನಿಂತಿರಲಿಲ್ಲ. ಗುಡ್ಡದ ನೆತ್ತಿಯ ಹತ್ತಿರ ರಸ್ತೆಗೆ ಬಂಡೆ ಜಾರಿ ಬಿದ್ದಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಬಿಳಿ. ನಡುವೆ ಒಂದು ಬೈಕು ಹಿಡಿಯುವಷ್ಟು ಜಾಗ. ಕೆಸರಿನಲ್ಲಿ ಯಾವುದೋ ಟೈರು ಅಂಚಿನ ತನಕ ಜಾರಿಹೋಗಿ ವಾಪಸು ಬಂದ ಗೆರೆ ಹಸಿಯಾಗಿತ್ತು. ಅತ್ತಿಗೆ ಬೈಕಿಳಿದು ಅದನ್ನು ತಳ್ಳಿಕೊಂಡು ದಾಟಿದಳು.

ಗುಡ್ಡದಾಚೆಯ ವಿಶ್ರಾಂತಿ ಗೃಹದ ಜಗಲಿಯ ಸೂರಿನಡಿ ಎಲ್ಲ ಬೈಕುಗಳೂ ನಿಂತಿದ್ದವು. ಒಳಗೆ ಉದ್ದನೆಯ ಮೇಜಿನ ಸುತ್ತ ಒದ್ದೆ ಕೋಟುಗಳ ವಾಸನೆ, ನಗು. ಬೇಕರಿಯವನು ಮೇಜಿನ ಮೇಲೆ ಬನ್ನಿನ ಚೀಲ ಬಿಚ್ಚಿದ್ದ. ಗಂಡ ಬಾಗಿಲಿಗೆ ಎದುರಾಗಿ ಕೂತಿದ್ದ. ಅವನ ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಮುಂದೆ ಒಂದು ಲೋಟ ಚಹಾ, ಆರದಿರಲಿ ಎಂದು ತಟ್ಟೆ ಮುಚ್ಚಿ ಇಟ್ಟದ್ದು.

ಅವಳು ಹೊಸಿಲು ದಾಟಿ ಒಳಗೆ ಬಂದಳು. ಗಂಡ ತಲೆಯೆತ್ತಿ ಅವಳನ್ನು ನೋಡಿದ. ನೋಡಿ, ಕೋಣೆಯ ಇನ್ನೊಂದು ತುದಿಯಲ್ಲಿದ್ದ ಬಚ್ಚಲಿನ ಮುಚ್ಚಿದ ಬಾಗಿಲ ಕಡೆಗೆ ತಿರುಗಿದ. ಮತ್ತೆ ಅವಳನ್ನು ನೋಡಿದ.

"ಹೊರಗಿಂದ ಹೇಗೆ ಬಂದೆ?" ಅಂದ.

"ಚೆನ್ನಾಗಿದೆಯಪ್ಪ ಪ್ರಶ್ನೆ!" ಅತ್ತಿಗೆ ಸಿಡಿದಳು. "ಕಟ್ಟಿಕೊಂಡವಳನ್ನ ಬಂಕಲ್ಲಿ ಬಿಟ್ಟು ಬಂದು ಇಲ್ಲಿ ಚಹಾ ಕುಡೀತಿದೀಯ? ಕುಂಕುಮದ ಡಬ್ಬಿ ಅಲ್ಲ ಅವಳು, ಆಳು! ಅರವತ್ತು ಕೇಜಿ ಆಳು!"

ಎಲ್ಲರೂ ಹೋ ಎಂದು ನಕ್ಕರು. ಬೇಕರಿಯವನ ಹೆಂಡತಿ ಒಬ್ಬಳು ನಗಲಿಲ್ಲ. ಆಕೆ ಆಸ್ಪತ್ರೆಯಲ್ಲಿ ನರ್ಸು. ರಕ್ತ, ಹೆಣ ಎರಡನ್ನೂ ದಿನನಿತ್ಯ ಕಾಣುವವಳು, ಸುಲಭಕ್ಕೆ ಬೆದರುವ ಪೈಕಿಯಲ್ಲ. ಅವಳ ಕೈಯಲ್ಲಿದ್ದ ಬನ್ನು ಬಾಯಿಯ ಹತ್ತಿರವೇ ನಿಂತಿತ್ತು.

"ನಾವು ದಾರಿಯುದ್ದಕ್ಕೂ ನಿಮ್ಮ ಹಿಂದೇನೇ ಇದ್ವಿ," ಅಂದಳು. "ನೀನು ಕೂತಿದ್ದೆ ಕಣೆ. ಅವರ ಬೆನ್ನಿಗೆ ತಲೆ ಒರಗಿಸ್ಕೊಂಡು. ಹೊಸದಾಗಿ ಮದುವೆ ಆದೋರ ಥರ ಕೂತಿದಾಳೆ ನೋಡಿ ಅಂತ ಇವರಿಗೆ ಹೇಳಿದೆ. ನಾನು ಕೈ ಬೀಸಿದೆ. ನೀನೂ ಬೀಸಿದೆ."

ಬೇಕರಿಯವನು ಬನ್ನಿನ ಚೀಲದ ಬಾಯಿ ಕಟ್ಟತೊಡಗಿದ. ಮೇಷ್ಟ್ರು ಮಾತ್ರ ಎದ್ದು ಹೋಗಿ ಬಚ್ಚಲಿನ ಬಾಗಿಲು ತೆರೆದರು. ಒಳಗೆ ಯಾರೂ ಇರಲಿಲ್ಲ. ಯಾಕೋ ದೀಪ ಉರಿಯುತ್ತಿತ್ತು. ಅವರು ಅದನ್ನು ಆರಿಸಿ ಬಂದು, "ಮಂಜಲ್ಲಿ ಸಾಮಾನಿನ ಚೀಲವೂ ಆಳಿನ ಥರ ಕಾಣುತ್ತೆ. ಸುಮ್ಮನೆ ಇಲ್ಲದ್ದನ್ನ ತಲೆಗೆ ಹಚ್ಕೋಬೇಡಿ," ಎಂದರು. ಮೇಷ್ಟ್ರ ಮಾತಿಗೆ ಗುಂಪಿನಲ್ಲಿ ಎದುರಿಲ್ಲ. ಆದರೂ ಆಮೇಲೆ ಯಾರೂ ಗಂಡನ ಪಕ್ಕದ ಕುರ್ಚಿಯನ್ನು ಅವಳಿಗೆ ತೋರಿಸಲಿಲ್ಲ. ಅವಳೂ ಅಲ್ಲಿ ಕೂರಲಿಲ್ಲ.

ಜಗಲಿಯಲ್ಲಿ ಗಂಡ ಹೆಂಡತಿ ಇಬ್ಬರೇ ನಿಂತಾಗ ಅವಳು ಕೇಳಿದಳು, "ನಿಜ ಹೇಳಿ. ನಾನಿಲ್ಲ ಅಂತ ಗೊತ್ತೇ ಆಗಲಿಲ್ವಾ?"

"ಇದ್ದೆಯಲ್ಲ," ಅಂದ ಅವನು. ತಮಾಷೆಯ ಮುಖವಲ್ಲ. ವರ್ಷಗಳಿಂದ ಅವಳು ಕಾಣದ ಒಂದು ಹಗುರ ಅವನ ಕಣ್ಣ ಸುತ್ತ ಇತ್ತು, ಜ್ವರ ಬಿಟ್ಟವನ ಹಾಗೆ. "ಆ ಬಂಡೆ ಹತ್ತಿರ ನೀನು ಎರಡು ಸಲ ತಟ್ಟಿದೆ. ನಾನು ನಿಧಾನ ಮಾಡಿದೆ. ಆದರೂ ಅಂಚಿನ ತನಕ ಜಾರಿತು. ನೀನು ತಟ್ಟದೇ ಇದ್ದಿದ್ರೆ ನಾನಿಲ್ಲಿ ನಿಂತಿರ್ತಿರಲಿಲ್ಲ."

"ಆಮೇಲೆ?"

"ಆಮೇಲೆ ಮಾತಾಡಿದ್ವಿ. ಎಷ್ಟು ದಿನ ಆಗಿತ್ತು ನಾವು ಹಾಗೆ ಮಾತಾಡಿ. ನನಗೇ ತಡೆಯೋಕೆ ಆಗಲಿಲ್ಲ, ಎಲ್ಲಾ ಹೇಳಿಬಿಟ್ಟೆ."

"ಏನು ಹೇಳಿದ್ರಿ?"

ಅವನು ಸೂರಿನಿಂದ ಹನಿ ಬೀಳುವುದನ್ನು ನೋಡುತ್ತ ನಿಂತ. ಅವಳು ತನ್ನ ತಲೆಯೊಳಗೆ ಅವನ ಇಷ್ಟು ವರ್ಷಗಳನ್ನು ತಿರುವಿ ಹಾಕಿದಳು. ತಡವಾಗಿ ಬಂದ ಸಂಜೆಗಳು, ಊಟದ ಮಧ್ಯೆ ಎದ್ದುಹೋದದ್ದು, ಒಮ್ಮೆ ಲಿಫ್ಟಿನ ಬಾವಿಯೊಳಗೆ ಏನೋ ಆಗಿ ಒಂದು ವಾರ ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದ್ದು. ಇದರಲ್ಲಿ ಯಾವುದು? ಎಲ್ಲವೂ ಎಂದರೆ ಎಷ್ಟು?

"ನನಗೂ ಹೇಳಿ," ಅಂದಳು. ತನ್ನ ಸ್ವರ ಬೇಡುವವಳ ಸ್ವರದಂತಿದ್ದುದು ಅವಳಿಗೇ ಕೇಳಿಸಿತು.

"ಹೇಳಿದ್ದನ್ನೇ ಎಷ್ಟು ಸಲ ಹೇಳಲಿ? ನೀನೇ ಅಂದೆಯಲ್ಲ, ಆಯ್ತು, ಮುಗೀತು, ಈ ಮಾತನ್ನ ಇನ್ನು ಯಾವತ್ತೂ ಎತ್ತಬೇಡಿ ಅಂತ." ಅವನು ಅವಳ ಕೈಯನ್ನು ಮೆಲ್ಲಗೆ ಮುಟ್ಟಿದ. ಹಾಗೆ ಮುಟ್ಟಿಸಿಕೊಂಡು ಎಷ್ಟೋ ಕಾಲವಾಗಿತ್ತು. ಆ ಪ್ರೀತಿ ಬೇರೆ ಯಾರದೋ ವಿಳಾಸಕ್ಕೆ ಹೊರಟದ್ದು ತಪ್ಪಿ ತನ್ನ ಬಾಗಿಲಿಗೆ ಬಂದಿದೆ ಅನ್ನಿಸಿತು ಅವಳಿಗೆ. "ಮುಂದಿನ ಸವಾರಿಗೂ ಬರ್ತೀನಿ ಅಂದೆ ನೀನು. ಎಲ್ಲಾ ಸವಾರಿಗೂ ಬರ್ತೀನಿ ಅಂದೆ. ನನಗೆ ಅಷ್ಟು ಸಾಕು."

ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ವಾಕ್ಯ ಅವಳ ನಾಲಿಗೆಯ ಮೇಲೆ ಬಿಸಿ ತುಪ್ಪದ ಹಾಗೆ ಕೂತಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಳಗಿನಿಂದ ಎಲ್ಲರೂ ಹೊರಬಂದು ಗ್ಲೌಸು ಹಾಕಿಕೊಳ್ಳತೊಡಗಿದರು. ಅವಳು ಗಂಡನ ಬೈಕಿನ ಹತ್ತಿರ ಹೋದಳು. ಗಾಳಿಗೆ ಸೂರಿನೊಳಕ್ಕೂ ಮಳೆಯ ಇರಚಲು ಬಡಿದು ಬೈಕೆಲ್ಲ ತೋಯ್ದಿತ್ತು. ಟ್ಯಾಂಕಿನ ಮೇಲೆ ಹನಿಗಳು, ಪೆಟ್ಟಿಗೆಗಳ ಮೇಲೆ ಹನಿಗಳು, ಮುಂದಿನ ಸೀಟಿನ ಹೊಲಿಗೆಯಲ್ಲಿ ನೀರು ನಿಂತಿತ್ತು. ಅವಳು ಗ್ಲೌಸು ಕಳಚಿ ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟಳು. ಒಣಗಿತ್ತು. ಒಣಗಿದ್ದಷ್ಟೇ ಅಲ್ಲ, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯಲ್ಲಿರುವಂಥ ಮೆಲ್ಲನೆಯ ಬಿಸುಪು ಇತ್ತು. ಇಂಜಿನ್ನಿನ ಕಾವಿರಬೇಕು ಎಂದು ಬಗ್ಗಿ ಇಂಜಿನ್ನನ್ನು ಮುಟ್ಟಿದಳು. ಅದು ಆರಿ ತಣ್ಣಗಾಗಿತ್ತು.

ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು. "ನಾನು ಅತ್ತಿಗೆ ಜೊತೆ ಬರ್ತೀನಿ," ಅಂದಳು.

ಗಂಡ ಬೇಸರಪಟ್ಟುಕೊಳ್ಳುತ್ತಾನೆ, ಯಾಕೆ ಎಂದಾದರೂ ಕೇಳುತ್ತಾನೆ ಎಂದುಕೊಂಡಿದ್ದಳು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, "ಸರಿ, ಬಾ. ಹುಷಾರು," ಅಂದ. ಪಕ್ಕದ ಮನೆಯವರಿಗೆ ಹೇಳುವ ಹಾಗೆ.

ಇಳಿಜಾರಿನಲ್ಲಿ ಮಂಜು ಚೂರು ಚೂರಾಗಿ ಹರಿದು ಕೆಳಗಿನ ಗದ್ದೆಗಳು, ತಂತಿ ಕಂಬಗಳು ಕಾಣಿಸಿಕೊಂಡವು. ಬಿಸಿಲೂ ಬಂತು. ಅತ್ತಿಗೆ ಇವತ್ತು ಎಲ್ಲರಿಗಿಂತ ಹಿಂದೆ ಉಳಿಯದೆ ಇವಳ ಗಂಡನ ಬೈಕಿನ ಬೆನ್ನಿಗೇ ಬೈಕು ಹಾಕಿದಳು. ಹಗಲಿನ ಬೆಳಕಿನಲ್ಲಿ ಅವನ ಹಿಂದಿನ ಸೀಟು ಖಾಲಿ ಇರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಸ್ವಲ್ಪ ಧೈರ್ಯ ತಂದುಕೊಂಡಳು. ಆದರೆ ಅವನ ತಲೆ ಆಗಾಗ ಒಂದಿಷ್ಟು ಪಕ್ಕಕ್ಕೆ ವಾಲುತ್ತಿತ್ತು, ಹಿಂದಿನಿಂದ ಬರುವ ಮಾತಿಗೆ ಕಿವಿ ಕೊಡುವವನ ಹಾಗೆ. ಒಮ್ಮೆ ಅವನ ಹೆಗಲು ಕುಲುಕಿತು. ನಗುತ್ತಿದ್ದ.

"ಅತ್ತಿಗೆ," ಎಂದಳು ಅವಳು.

"ನೋಡಿದೆ," ಅಂದಳು ಅತ್ತಿಗೆ. "ಸುಮ್ಮನೆ ಗಟ್ಟಿಯಾಗಿ ಹಿಡ್ಕೋ."

ಊರು ಹತ್ತಿರವಾದಾಗ ರೈಲು ಗೇಟು ಬಿದ್ದಿತ್ತು. ಬೈಕುಗಳು ಒಂದರ ಹಿಂದೊಂದು ನಿಂತವು. ಮೇಷ್ಟ್ರು ಇಳಿದು ಸೊಂಟ ಹಿಂದಕ್ಕೆ ಬಾಗಿಸಿದರು. ನರ್ಸು ರಸ್ತೆಯ ಅಂಚಿಗೆ ಹೋಗಿ, ಯಾರ ಕಡೆಗೂ ನೋಡದೆ ನಿಂತಳು. ಗಂಡ ಮಾತ್ರ ಇಳಿಯಲಿಲ್ಲ. ಇಂಜಿನ್ ಆರಿಸಿ, ಎರಡೂ ಕಾಲನ್ನು ನೆಲಕ್ಕೆ ಅಗಲವಾಗಿ ಊರಿ, ಬೈಕನ್ನು ಅಲುಗದ ಹಾಗೆ ನೆಟ್ಟಗೆ ಹಿಡಿದು ಕಾದ. ದೂರದಲ್ಲಿ ರೈಲಿನ ಸದ್ದು ಹುಟ್ಟಿ ಬೆಳೆಯತೊಡಗಿತು. ಅವನು ಹೆಲ್ಮೆಟ್ ತಿರುಗಿಸದೆಯೇ ಏನೋ ಕೇಳಿದ. ಸ್ವಲ್ಪ ತಡೆದು, ಆಯ್ತು ಎಂಬಂತೆ ತಲೆಯಾಡಿಸಿ, ಬೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ವಾಲಿಸಿದ. ಆಮೇಲೆ ಬಲಗಾಲನ್ನು ಹಿಂದಿನ ಖಾಲಿ ಸೀಟಿನ ಮೇಲಿಂದ ಎಸೆದು ಇಳಿಯದೆ, ಅಲ್ಲಿ ಕೂತವರಿಗೆ ತಾಗದಿರಲಿ ಎಂಬಂತೆ ಮೊಣಕಾಲನ್ನು ಎದೆಯವರೆಗೆ ಮಡಿಸಿ, ಕಷ್ಟಪಟ್ಟು, ಟ್ಯಾಂಕಿನ ಮೇಲಿನಿಂದ ಈಚೆಗೆ ದಾಟಿಸಿ ಕೆಳಗಿಳಿದ.